ಹಳಿಯಿಲ್ಲದ ನಾಡಿನ ಇಂಜಿನ್ ಮನೆ

ಕೊಡಗಿನ ಸಾರಿಗೆಯ ಚರಿತ್ರೆಯನ್ನು ಒಂದೆಡೆ ತರುವ ಈ ಸಂಚಿಕೆಯಲ್ಲಿ ಘಾಟಿ ರಸ್ತೆ, ಸೇತುವೆ, ಎತ್ತಿನ ಗಾಡಿ, ಬಸ್ಸುಗಳಿಗೆ ಜಾಗ ಸಿಗುವುದು ಸಹಜ. ಲೋಕೋ ಷೆಡ್ಡಿಗೆ ಇಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ಜಿಲ್ಲೆಯೊಳಗೆ ಪ್ರಯಾಣಿಕರ ರೈಲು ಒಂದು ದಿನವೂ ಓಡಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ತಲಚೇರಿಗೂ ಹಾಸನಕ್ಕೂ ಹೆಚ್ಚುಕಡಿಮೆ ಅಷ್ಟೇ, ಮಂಗಳೂರಿಗೆ ಇನ್ನೂ ತುಸು ಹೆಚ್ಚು. ಯಾವ ದಿಕ್ಕಿಗೆ ಹೊರಟರೂ ರೈಲು ಸಿಗಬೇಕಾದರೆ ಬೆಟ್ಟ ಇಳಿಯಲೇಬೇಕು. ಹಾಗೆ ಬೆಟ್ಟ ಇಳಿದವರನ್ನು ಅಲ್ಲಿಂದ ಮುಂದಕ್ಕೆ ಒಯ್ದ ಇಂಜಿನ್ನುಗಳಿಗೆ ಒಂದು ಊರಿತ್ತು, ಒಂದು ಮನೆಯಿತ್ತು. ಉಗಿಯ ಕಾಲವಿಡೀ ಕೊಡಗಿನ ಪಾಲಿಗೆ ಆ ಮನೆ ಮುಖ್ಯವಾಗಿ ಮೈಸೂರಿನಲ್ಲಿತ್ತು. ನಮ್ಮ ಜಿಲ್ಲೆಯ ರೈಲು ಚರಿತ್ರೆ ಬರೆಯುವುದಾದರೆ ಅಲ್ಲಿಂದಲೇ ಶುರು ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಯಾಣಿಕರು ರೈಲೆಂದರೆ ನಿಲ್ದಾಣ ಎಂದುಕೊಳ್ಳುತ್ತಾರೆ. ಟಿಕೆಟ್ಟು, ಗಂಟೆ, ಹಸಿರು ಬಾವುಟ, ಪ್ಲಾಟ್‌ಫಾರಂ ಇವೆಲ್ಲ ಕಣ್ಣಿಗೆ ಬೀಳುವಂಥವು. ಷೆಡ್ಡು ನಿಲ್ದಾಣದಿಂದ ಒಂದಿಷ್ಟು ದೂರದಲ್ಲಿ, ಹೊಗೆ ಕವಿದ ಜಾಗದಲ್ಲಿ ಇರುತ್ತಿತ್ತು. ಟಿಕೆಟ್ ಕೊಂಡವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆದರೆ ಇಲಾಖೆಯ ಲೆಕ್ಕದಲ್ಲಿ ಪ್ರತಿ ಇಂಜಿನ್ನೂ ಸೇರಿದ್ದು ಷೆಡ್ಡಿಗೆ, ನಿಲ್ದಾಣಕ್ಕಲ್ಲ. ಒಂದು ಇಂಜಿನ್ ಕಾರ್ಖಾನೆಯಿಂದ ಬಂದ ದಿನವೇ ಅದನ್ನು ಒಂದು ಷೆಡ್ಡಿನ ಹೆಸರಿಗೆ ಬರೆಯುತ್ತಿದ್ದರು. ಅದರ ಮೈಮೇಲೆ ಆ ಷೆಡ್ಡಿನ ಗುರುತಿನ ಅಕ್ಷರಗಳನ್ನು ಬಣ್ಣದಲ್ಲಿ ಬರೆದಿರುತ್ತಿದ್ದರು. ಅದು ಎಲ್ಲಿಗೆ ಓಡಿದರೂ, ಯಾವ ಊರಿನಲ್ಲಿ ರಾತ್ರಿ ಕಳೆದರೂ, ಮೇಯಲು ಹೋದ ಹಸು ಕೊಟ್ಟಿಗೆಗೆ ಮರಳುವ ಹಾಗೆ ತನ್ನ ಷೆಡ್ಡಿಗೆ ಬಂದೇ ಬರಬೇಕು. ಬಾಯ್ಲರ್ ತೊಳೆಯುವುದು, ಬೇರಿಂಗ್ ನೋಡುವುದು, ಓಡಿದ ಮೈಲಿಗಳ ಲೆಕ್ಕ ಇಡುವುದು ಎಲ್ಲವೂ ಅಲ್ಲಿಯೇ. ಬೇರೆ ಊರಿನ ಷೆಡ್ಡು ಅದಕ್ಕೆ ಕಲ್ಲಿದ್ದಲು, ನೀರು ಕೊಟ್ಟು ವಾಪಸು ಕಳಿಸುತ್ತಿತ್ತೇ ಹೊರತು ಅದರ ಹೊಣೆ ಹೊರುತ್ತಿರಲಿಲ್ಲ.

ಮೈಸೂರಿಗೆ ರೈಲು ಬಂದದ್ದು ಬರಗಾಲದ ಬೆನ್ನಿಗೇ. 1876–78ರ ಭೀಕರ ಕ್ಷಾಮದಲ್ಲಿ ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ಮೀಟರ್ ಗೇಜ್ ಹಾದಿಯೂ ಒಂದಾಯಿತು. 1881ರಲ್ಲಿ ಆಡಳಿತ ಒಡೆಯರ ಕೈಗೆ ಮರಳಿ, ರಂಗಾಚಾರ್ಲು ದಿವಾನರಾದ ಹೊತ್ತಿಗೆ ಹಳಿ ಮದ್ದೂರು ತಲುಪಿತ್ತು. 1882ರಲ್ಲಿ ಮೈಸೂರು ಮುಟ್ಟಿತು. ಕೆಲವೇ ವರ್ಷಗಳಲ್ಲಿ ಹಣದ ಅಡಚಣೆಯಿಂದ ಈ ಹಾದಿಯನ್ನು ನಡೆಸುವ ಹೊಣೆ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಹೋಯಿತು. 1891ರಲ್ಲಿ ನಂಜನಗೂಡಿನವರೆಗೆ ಕವಲು ಬಂತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಕೆಲಸ ಹಿಡಿದ ಮೈಸೂರು–ಹಾಸನ–ಅರಸೀಕೆರೆ ಮಾರ್ಗ 1917–18ರಲ್ಲಿ ತೆರೆಯಿತು. 1919ರ ಅಕ್ಟೋಬರಿನಲ್ಲಿ ಸಂಸ್ಥಾನ ಬೆಂಗಳೂರು–ಮೈಸೂರು–ನಂಜನಗೂಡು ಹಾದಿಯ ಆಡಳಿತವನ್ನು ಕಂಪನಿಯಿಂದ ತನ್ನ ಕೈಗೆ ತೆಗೆದುಕೊಂಡಿತು. 1926ರಲ್ಲಿ ನಂಜನಗೂಡಿನ ಹಳಿ ಚಾಮರಾಜನಗರಕ್ಕೆ ಮುಂದುವರಿಯಿತು.

ಹೀಗೆ ಮೈಸೂರು ಮೂರು ಹಾದಿಗಳ ಗಂಟಾಯಿತು. ಬೆಂಗಳೂರಿಗೆ 139 ಕಿ.ಮೀ., ಅರಸೀಕೆರೆಗೆ ಸುಮಾರು 165, ಚಾಮರಾಜನಗರಕ್ಕೆ 61. ಷೆಡ್ಡು ಎಲ್ಲಿರಬೇಕೆಂದು ನಿರ್ಧರಿಸುತ್ತಿದ್ದದ್ದು ಇಂಥ ಅಂತರಗಳೇ. ಉಗಿ ಇಂಜಿನ್ನಿನ ಬೆಂಕಿಯಲ್ಲಿ ಬೂದಿ, ಕರಗಿದ ಕಿಟ್ಟ ತುಂಬುತ್ತದೆ, ಟೆಂಡರಿನ ಕಲ್ಲಿದ್ದಲು ಮುಗಿಯುತ್ತದೆ, ಬೇರಿಂಗಿನ ಎಣ್ಣೆ ಒಣಗುತ್ತದೆ. ನೂರೈವತ್ತು, ಇನ್ನೂರು ಕಿ.ಮೀ. ಓಡಿದ ಮೇಲೆ ಅದನ್ನು ನೋಡಿಕೊಳ್ಳುವ ಜನ ಬೇಕೇಬೇಕು. ಆದ್ದರಿಂದ ಮೈಸೂರು, ಬೆಂಗಳೂರು, ಅರಸೀಕೆರೆ, ಹರಿಹರ, ಹುಬ್ಬಳ್ಳಿ ಇವು ಷೆಡ್ಡಿನ ಊರುಗಳಾದವು. ಅರಸೀಕೆರೆಯಂಥ ಸಣ್ಣ ಪೇಟೆ ರೈಲಿನವರ ಬಾಯಲ್ಲಿ ದೊಡ್ಡ ಹೆಸರಾದದ್ದು ಹೀಗೆ.

ಕೊಡಗು ಈ ನಕ್ಷೆಯಲ್ಲಿ ಎಲ್ಲಿ ಬರುತ್ತದೆ? ಮೊದಲು ಆಡಳಿತದ ಮಾತು. 1834ರಲ್ಲಿ ಬ್ರಿಟಿಷರ ವಶವಾದ ಕೊಡಗನ್ನು ಆಳಿದ್ದು ಬೆಂಗಳೂರಿನಲ್ಲಿ ಕುಳಿತ ಅಧಿಕಾರಿ. 1881ರ ನಂತರವಂತೂ ದಶಕಗಳ ಕಾಲ ಮೈಸೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರರೂ ಆಗಿದ್ದರು. ಕಡತ, ಅಂಚೆ, ಅಧಿಕಾರಿ, ಅರ್ಜಿದಾರ ಎಲ್ಲರಿಗೂ ಬೆಂಗಳೂರು–ಮಡಿಕೇರಿ ನಡುವಿನ ದಾರಿಯೇ ಗತಿ. ಅದರಲ್ಲಿ ಮೈಸೂರಿನವರೆಗಿನ ಭಾಗಕ್ಕೆ ರೈಲು ಬಂದದ್ದು ಆಡಳಿತ ನಡೆಯುವ ವೇಗವನ್ನೇ ಬದಲಿಸಿತು. ಮೈಸೂರಿನಿಂದ ಈಚೆಗೆ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಹಾದಿ. ದಕ್ಷಿಣ ಕೊಡಗಿನವರಿಗೆ ಹುಣಸೂರಿನಿಂದ ತಿತಿಮತಿ, ಗೋಣಿಕೊಪ್ಪದ ಹಾದಿ. ಎರಡೂ ಹಾದಿಗಳಿಗೆ ಹುಣಸೂರು ಕವಲು, ಮೈಸೂರು ಬಾಗಿಲು.

ಓದಿನ ಮಾತೂ ಇದೆ. ಮಡಿಕೇರಿಗೆ ಸರ್ಕಾರಿ ಕಾಲೇಜು ಬಂದದ್ದೇ 1949ರಲ್ಲಿ. ಅದಕ್ಕೆ ಮೊದಲು ಹೈಸ್ಕೂಲು ಮುಗಿಸಿದ ಕೊಡಗಿನ ಹುಡುಗರು ಮೈಸೂರು, ಬೆಂಗಳೂರು, ಮದ್ರಾಸು, ಮಂಗಳೂರಿಗೆ ಹೋಗಬೇಕಿತ್ತು. ಮುಂದೆ ಫೀಲ್ಡ್ ಮಾರ್ಷಲ್ ಆದ ಕಾರ್ಯಪ್ಪನವರು ಮಡಿಕೇರಿಯಲ್ಲಿ ಶಾಲೆ ಮುಗಿಸಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದವರು. ಮಡಿಕೇರಿಯ ಸರ್ಕಾರಿ ಕಾಲೇಜಿಗೆ ಈಗ ಅವರದೇ ಹೆಸರಿದೆ. ಸೈನ್ಯಕ್ಕೆ ಸೇರಿದ ಸಾವಿರಾರು ಮಂದಿ ರಜೆಯಲ್ಲಿ ಮನೆಗೆ ಬರುವಾಗ, ರಜೆ ಮುಗಿಸಿ ಮರಳುವಾಗ ಬೆಟ್ಟದ ಕೆಳಗಿನ ಯಾವುದೋ ನಿಲ್ದಾಣದಲ್ಲಿ ಟ್ರಂಕು ಇಳಿಸಿಯೇ ಇರುತ್ತಾರೆ. ಕೊಡಗಿನ ಕುಟುಂಬಗಳ ನೆನಪಿನಲ್ಲಿ ರೈಲಿಗೂ ಅಗಲಿಕೆಗೂ ಇರುವ ನಂಟು ಇಲ್ಲಿಂದ ಬಂದದ್ದು.

ಸರಕಿನ ಮಾತು ಬೇರೆ. ಅದನ್ನು ಮುಚ್ಚಿಡುವುದು ಸರಿಯಲ್ಲ. 1854ರಲ್ಲಿ ಫೌಲರ್ ಎಂಬ ಬಿಳಿಯ ತೋಟಗಾರ ಮಡಿಕೇರಿಯ ಬಳಿ ಕಾಫಿ ತೋಟ ತೆರೆದ ಮೇಲೆ ಬೆಳೆದ ಕಾಫಿಯಲ್ಲಿ ದೊಡ್ಡ ಪಾಲು ಹೋದದ್ದು ಪಡುವಣಕ್ಕೆ. ಎತ್ತಿನ ಗಾಡಿಗಳು ಪೆರುಂಬಾಡಿ, ಮಾಕುಟ್ಟದ ಘಾಟಿ ಇಳಿದು ತಲಚೇರಿ ಸೇರುತ್ತಿದ್ದವು. ಸಂಪಾಜೆ ಘಾಟಿಯಿಂದ ಮಂಗಳೂರು. ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳು ಅಲ್ಲಿದ್ದವು, ಹಡಗೂ ಅಲ್ಲೇ ನಿಲ್ಲುತ್ತಿತ್ತು. 1907ರಲ್ಲಿ ಬ್ರಾಡ್ ಗೇಜ್ ಮಂಗಳೂರು ಮುಟ್ಟುವ ಹೊತ್ತಿಗೆ ತಲಚೇರಿಯಿಂದ ಮದ್ರಾಸಿನವರೆಗೆ ಒಂದೇ ಅಳತೆಯ ಹಳಿ ಸಿಕ್ಕಿತ್ತು. ಮೈಸೂರಿನ ಮೀಟರ್ ಗೇಜಿನಲ್ಲಿ ಹೋದ ಮೂಟೆಯಾದರೆ ಬೆಂಗಳೂರಿನಲ್ಲಿ ಇಳಿಸಿ ಬ್ರಾಡ್ ಗೇಜಿನ ವ್ಯಾಗನ್ನಿಗೆ ಮತ್ತೆ ಏರಿಸಬೇಕು. ವ್ಯಾಪಾರಿಗೆ ಇದು ಖರ್ಚು, ವಿಳಂಬ, ಚೀಲ ಹರಿಯುವ ಭಯ. ಆದ್ದರಿಂದ ಕೊಡಗಿನ ಕಾಫಿಗೆ ಮೈಸೂರಿನ ಷೆಡ್ಡೊಂದೇ ಆಧಾರವಾಗಿತ್ತು ಎಂದರೆ ಅದು ಅತಿಶಯೋಕ್ತಿ. ಕೇರಳದ ಕಡೆಯ ಶೊರನೂರು, ಇನ್ನೂ ಆಚೆ ಈರೋಡಿನ ಷೆಡ್ಡುಗಳ ಇಂಜಿನ್ನುಗಳೂ ನಮ್ಮ ಬೆಳೆಯ ಭಾರ ಎಳೆದಿವೆ. ಮೈಸೂರಿನಿಂದ ಕೊಡಗಿನ ಮೂಲಕ ತಲಚೇರಿಗೆ ರೈಲು ಬೇಕೆಂಬ ಪ್ರಸ್ತಾಪ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಎದ್ದದ್ದಕ್ಕೆ ಎರಡು ಕಡೆಯ ಈ ಸೆಳೆತವೇ ಕಾರಣ. ಆ ಹಾದಿ ಆಗಲಿಲ್ಲ. ಜನ ಮೂಡಣಕ್ಕೆ, ಮೂಟೆ ಪಡುವಣಕ್ಕೆ ಎಂಬ ಸ್ಥಿತಿ ಬಹಳ ಕಾಲ ಉಳಿಯಿತು.

ಈಗ ಷೆಡ್ಡಿನ ಒಳಗೆ ಹೋಗೋಣ. ಮೀಟರ್ ಗೇಜಿನ ಷೆಡ್ಡುಗಳ ದಿನಚರಿ ಊರಿಂದೂರಿಗೆ ಹೆಚ್ಚು ಬದಲಾಗುತ್ತಿರಲಿಲ್ಲ.

ಗಾಡಿಯನ್ನು ನಿಲ್ದಾಣದಲ್ಲಿ ಬಿಟ್ಟು ಇಂಜಿನ್ ಒಂಟಿಯಾಗಿ ಷೆಡ್ಡಿಗೆ ಬರುತ್ತಿತ್ತು. ಡ್ರೈವರ್ ಇಳಿದವನೇ ರಿಪೇರಿ ಪುಸ್ತಕದಲ್ಲಿ ಬರೆಯಬೇಕು: ಯಾವ ಗ್ಲ್ಯಾಂಡಿನಲ್ಲಿ ಉಗಿ ಸೋರುತ್ತಿದೆ, ಯಾವ ಬೇರಿಂಗ್ ಕಾಯುತ್ತಿದೆ, ಇಂಜೆಕ್ಟರ್ ನೀರು ಎತ್ತುತ್ತಿದೆಯೇ, ಬ್ರೇಕು ಹಿಡಿಯುತ್ತಿದೆಯೇ. ಮುಂದಿನ ಡ್ರೈವರಿನ ಜೀವ ಈ ಬರಹದ ಮೇಲೆ ನಿಂತಿತ್ತು. ಆಮೇಲೆ ಕಲ್ಲಿದ್ದಲು ತುಂಬುವ ಜಾಗ, ನೀರಿನ ಕಾಲಮ್, ಬೂದಿಗುಂಡಿ. ಹಳಿಯ ನಡುವೆ ತೋಡಿದ ಗುಂಡಿಯ ಮೇಲೆ ಇಂಜಿನ್ ನಿಲ್ಲಿಸಿ ಬೆಂಕಿಮನೆಯ ಬೂದಿ, ಕಿಟ್ಟ ಕೆಳಕ್ಕೆ ಎಳೆಯುತ್ತಿದ್ದರು. ಮುಂಭಾಗದ ಸ್ಮೋಕ್‌ಬಾಕ್ಸಿನ ಬಾಗಿಲು ತೆಗೆದು ಅಲ್ಲಿ ರಾಶಿಬಿದ್ದ ಕಿಡಿಬೂದಿಯನ್ನು ಸಲಿಕೆಯಲ್ಲಿ ಹೊರಹಾಕುತ್ತಿದ್ದರು. ಕಣ್ಣು, ಮೂಗು, ಶ್ವಾಸಕೋಶ ಎಲ್ಲಕ್ಕೂ ಇದಕ್ಕಿಂತ ಕೆಟ್ಟ ಕೆಲಸ ರೈಲಿನಲ್ಲಿ ಇನ್ನೊಂದಿರಲಿಲ್ಲ. ಖಲಾಸಿಗಳು ಇದನ್ನು ಹಗಲೂ ರಾತ್ರಿ ಮಾಡಿದರು. ಕೊನೆಗೆ ಟರ್ನ್‌ಟೇಬಲ್. ಟೆಂಡರ್ ಮುಂದಾಗಿ ದೂರ ಓಡಿದರೆ ಡ್ರೈವರಿಗೆ ಹಾದಿ ಸರಿಯಾಗಿ ಕಾಣದು. ಅದಕ್ಕೇ ತಿರುಗುವ ಹಳಿತೊಟ್ಟಿಲ ಮೇಲೆ ಇಂಜಿನ್ನನ್ನು ಭಾರ ಸಮವಾಗುವಂತೆ ನಿಲ್ಲಿಸಿ ನಾಲ್ಕಾರು ಜನ ತಳ್ಳಿ ಮುಖ ತಿರುಗಿಸುತ್ತಿದ್ದರು. ಭಾರ ಸಮವಾಗಿದ್ದರೆ ಹಲವು ಹತ್ತು ಟನ್ನಿನ ಯಂತ್ರ ಆ ಕೆಲವೇ ಕೈಗಳಿಗೆ ತಿರುಗುತ್ತಿತ್ತು.

ಎಲ್ಲಕ್ಕಿಂತ ನಾಜೂಕಾದದ್ದು ಬಾಯ್ಲರ್ ತೊಳೆಯುವುದು. ನೀರಿನಲ್ಲಿರುವ ಸುಣ್ಣ, ಉಪ್ಪು ಆವಿಯ ಜೊತೆ ಹೋಗುವುದಿಲ್ಲ. ಕೆಸರಾಗಿ ತಳದಲ್ಲಿ, ಹೊರಪೆಯಾಗಿ ನಳಿಗೆಗಳ ಮೇಲೆ ಕೂರುತ್ತದೆ. ಹೊರಪೆ ಕಟ್ಟಿದ ಕಡೆ ಬೆಂಕಿಯ ಶಾಖ ನೀರಿಗೆ ದಾಟುವುದಿಲ್ಲ, ಲೋಹ ಕೆಂಪಗೆ ಕಾದು ಮೆತ್ತಗಾಗುತ್ತದೆ. ಆದ್ದರಿಂದ ನಿಗದಿತ ಅವಧಿಗೊಮ್ಮೆ ಬೆಂಕಿ ಆರಿಸಿ, ಬಾಯ್ಲರ್ ನಿಧಾನವಾಗಿ ತಣಿಯಲು ಬಿಟ್ಟು, ಮೂಲೆಗಳ ಪ್ಲಗ್ಗು ಬಿಚ್ಚಿ, ಒತ್ತಡದ ನೀರು ಹಾಯಿಸಿ, ಸರಳು ತೂರಿಸಿ ಕೆರೆದು ತೆಗೆಯುತ್ತಿದ್ದರು. ತಣಿಸುವಾಗಲೂ ಕಾಯಿಸುವಾಗಲೂ ಅವಸರ ಕೂಡದು. ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದಿದ್ದರೆ ಬೆಂಕಿಮನೆಯ ಗೋಡೆಗಳನ್ನು ಹಿಡಿದಿರುವ ಸ್ಟೇಗಳು ಸಡಿಲಾಗುತ್ತವೆ, ನಳಿಗೆಯ ಬಾಯಿ ಸೋರುತ್ತದೆ. ತಣ್ಣಗಿನ ಬಾಯ್ಲರಿಗೆ ಉಗಿ ಹಿಡಿಸಲು ಆರೇಳು ಗಂಟೆಯಾದರೂ ಬೇಕು. ಬೆಳಗಿನ ಗಾಡಿಗೆ ಇಂಜಿನ್ ಬೇಕೆಂದರೆ ಹಿಂದಿನ ರಾತ್ರಿಯೇ ಒಬ್ಬ ಎಣ್ಣೆಬಟ್ಟೆ, ಸೌದೆ ಹೊತ್ತಿಸಿ ಕೂರಬೇಕು. ಮೈಸೂರಿನಲ್ಲಿ ಬೆಳಗಿನ ಗಾಡಿ ಹೊರಡುವ ಹೊತ್ತಿಗೆ ಹುಣಸೂರಿನ ಕಡೆಯಿಂದ ಬಂದವರು ಕಿಟಕಿ ಪಕ್ಕದ ಜಾಗ ಹಿಡಿಯುತ್ತಿದ್ದರೆ, ಷೆಡ್ಡಿನಲ್ಲಿ ಆ ಗಾಡಿಯ ಕೆಲಸ ಅರ್ಧ ದಿನದಷ್ಟು ಮುಗಿದಿರುತ್ತಿತ್ತು.

ಇದರಿಂದ ಒಂದು ಲೆಕ್ಕ ಹುಟ್ಟುತ್ತದೆ. ಹತ್ತು ಗಾಡಿ ಎಳೆಯಲು ಹತ್ತು ಇಂಜಿನ್ ಸಾಲದು. ಒಂದು ತೊಳೆಯುವುದಕ್ಕೆ ನಿಂತಿರುತ್ತದೆ, ಒಂದರ ಬೇರಿಂಗ್ ಬಿಚ್ಚಿರುತ್ತದೆ, ಒಂದು ವರ್ಕ್‌ಷಾಪಿಗೆ ಹೋಗಿರುತ್ತದೆ, ಒಂದು ಶಂಟಿಂಗಿಗೆ ಬೇಕು, ಇನ್ನೊಂದು ಮೀಸಲು. ಯಾವ ಇಂಜಿನ್ನು ಯಾವ ಗಾಡಿಗೆ, ಎಂದು ಮರಳುತ್ತದೆ, ಯಾವಾಗ ತೊಳೆಯಬೇಕು ಎಂಬ ಪಟ್ಟಿಯನ್ನು ಲಿಂಕ್ ಎನ್ನುತ್ತಿದ್ದರು. ಅದನ್ನು ಹೊಂದಿಸುವ ಲೋಕೋ ಫೋರ್‌ಮನ್ ಷೆಡ್ಡಿನ ಯಜಮಾನ. ಸ್ಟೇಷನ್ ಮಾಸ್ಟರಿಗೆ ಗಾಡಿ ತಡವಾದರೆ ಸಾಲು ಸಾಲು ಪ್ರಯಾಣಿಕರ ಬೈಗುಳ. ಫೋರ್‌ಮನ್ನಿಗೆ ಮೇಲಿನವರ ಪತ್ರ. ಎರಡರಲ್ಲಿ ಯಾವುದು ಹೆಚ್ಚು ಕಷ್ಟ ಎಂದು ಆ ಕಾಲದವರೇ ಹೇಳಬೇಕು.

ನೀರಿನ ವಿಷಯಕ್ಕೆ ಕೊಡಗಿನವರು ಒಂದು ಕ್ಷಣ ನಿಲ್ಲಬೇಕು. ಮೈಸೂರು ನಗರಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನೀರು ಬಂದದ್ದು ಬೆಳಗೊಳದ ಬಳಿಯ ಕಾವೇರಿಯಿಂದ. ಬೆಂಗಳೂರಿನ ಹಾದಿ ಶ್ರೀರಂಗಪಟ್ಟಣದ ದ್ವೀಪದ ಎರಡೂ ಕಡೆ ಕಾವೇರಿಯ ಕವಲುಗಳನ್ನು ದಾಟುತ್ತದೆ. ಅರಸೀಕೆರೆಯ ಹಾದಿ ಸಾಗರಕಟ್ಟೆಯ ಬಳಿ ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಮೇಲೆ ಹಾಯುತ್ತದೆ. ಅಲ್ಲಿ ಕಾವೇರಿಯನ್ನು ಕೂಡುವ ಲಕ್ಷ್ಮಣತೀರ್ಥ ಹುಟ್ಟುವುದು ಇರ್ಪುವಿನ ಬೆಟ್ಟದಲ್ಲಿ. ಉಗಿ ಇಂಜಿನ್ನಿನ ಶಕ್ತಿ ಎಂದರೆ ಬೆಂಕಿ ಮತ್ತು ನೀರು. ಬೆಂಕಿ ಹೊರಗಿನಿಂದ ಬಂತು, ನೀರಿನಲ್ಲಿ ಕೊಡಗಿನ ಮಳೆಯ ಪಾಲಿತ್ತು. ರೈಲು ನಮ್ಮ ಜಿಲ್ಲೆಗೆ ಬರಲಿಲ್ಲ ಎಂದು ಹೇಳುವಾಗ ನಮ್ಮ ಹೊಳೆಗಳು ರೈಲಿನ ಹತ್ತಿರ ಹೋದವು ಎಂಬುದನ್ನೂ ಹೇಳಬೇಕು.

ಬೆಂಕಿಗೆ ಮೊದಲು ಸೌದೆ. ದಕ್ಷಿಣದ ರೈಲುಗಳು ಆರಂಭದಲ್ಲಿ ಕಲ್ಲಿದ್ದಲಿನ ಗಣಿಗಳಿಂದ ಬಹಳ ದೂರ. ಮದ್ರಾಸಿನ ಕರಾವಳಿಯಲ್ಲಿ ಇಂಜಿನ್ನಿಗೆಂದೇ ಸರ್ವೆಮರದ ತೋಪುಗಳನ್ನು ಬೆಳೆಸಿದರು. ಸೌದೆ ಉರಿಸಿದರೆ ಕಿಡಿ ಹೆಚ್ಚು, ಶಾಖ ಕಡಿಮೆ, ಟೆಂಡರ್ ಬೇಗ ಖಾಲಿ. 1889ರ ಸುಮಾರಿಗೆ ಹೈದರಾಬಾದ್ ಸಂಸ್ಥಾನದ ಸಿಂಗರೇಣಿ ಗಣಿಗಳು ಉತ್ಪಾದನೆ ಶುರುಮಾಡಿದ ಮೇಲೆ ದಕ್ಷಿಣಕ್ಕೆ ಕಲ್ಲಿದ್ದಲು ಹತ್ತಿರವಾಯಿತು. ಅದರಲ್ಲಿ ಬೂದಿ ಹೆಚ್ಚು ಎಂಬ ದೂರಿತ್ತು. ಫೈರ್‌ಮನ್ ಅದಕ್ಕೆ ತಕ್ಕಂತೆ ತೆಳ್ಳಗೆ, ಮೇಲಿಂದ ಮೇಲೆ ಹಾಕುವುದನ್ನು ಕಲಿಯಬೇಕಿತ್ತು. ಬೆಂಕಿಯ ಹಾಸಿನಲ್ಲಿ ಎಲ್ಲಿ ತೂತು ಬಿದ್ದಿದೆ, ಎಲ್ಲಿ ದಪ್ಪವಾಗಿದೆ ಎಂದು ಬೆಂಕಿಯ ಬಣ್ಣ ನೋಡಿ ಹೇಳುವುದು ವರ್ಷಗಟ್ಟಲೆ ಬೆಂಕಿಯ ಮುಂದೆ ನಿಂತವರಿಗೆ ಮಾತ್ರ ಬರುವ ವಿದ್ಯೆ.

ಆ ವಿದ್ಯೆಗೆ ಮೆಟ್ಟಿಲುಗಳಿದ್ದವು. ಹುಡುಗ ಮೊದಲು ಕ್ಲೀನರ್. ಎಣ್ಣೆ ಬಟ್ಟೆ ಹಿಡಿದು ಚಕ್ರ, ಕಡ್ಡಿ, ಸರಳು ಒರೆಸುತ್ತ ಯಾವ ಭಾಗ ಎಲ್ಲಿದೆ ಎಂದು ಕಲಿಯುತ್ತಾನೆ. ನಂತರ ಎರಡನೆಯ ಫೈರ್‌ಮನ್, ಮೊದಲ ಫೈರ್‌ಮನ್, ಶಂಟರ್, ಗೂಡ್ಸ್ ಡ್ರೈವರ್, ಪ್ಯಾಸೆಂಜರ್ ಡ್ರೈವರ್, ಕೊನೆಗೆ ಮೇಲ್ ಡ್ರೈವರ್. ಕಂಪನಿಗಳ ಕಾಲದಲ್ಲಿ ಮೇಲಿನ ಮೆಟ್ಟಿಲುಗಳು ಹೆಚ್ಚಾಗಿ ಯೂರೋಪಿಯನ್ನರಿಗೆ, ಆಂಗ್ಲೋ ಇಂಡಿಯನ್ನರಿಗೆ ಮೀಸಲಾಗಿದ್ದವು. ಭಾರತೀಯರಿಗೆ ಆ ಹುದ್ದೆಗಳು ತೆರೆದದ್ದು ನಿಧಾನವಾಗಿ. ರಾತ್ರಿ ಹೊತ್ತು ಕಾಲ್‌ಮನ್ ಲಾಂದ್ರ, ಪುಸ್ತಕ ಹಿಡಿದು ಕ್ವಾರ್ಟರ್ಸಿನ ಬಾಗಿಲು ಬಡಿಯುತ್ತಿದ್ದ. ಎದ್ದ ಡ್ರೈವರ್ ಸಹಿ ಹಾಕಿದರೆ ಮಾತ್ರ ಕರೆ ಮುಟ್ಟಿದಂತೆ. ಮನೆಯವರಿಗೆಲ್ಲ ಆ ಬಡಿತದ ಸದ್ದು ಗೊತ್ತು. ಬೇರೆ ಊರಿನ ರನ್ನಿಂಗ್ ರೂಮಿನಲ್ಲಿ ತಾವೇ ಬೇಯಿಸಿಕೊಂಡು, ಒಂದಿಷ್ಟು ಮಲಗಿ, ಮತ್ತೆ ಬೆಂಕಿಯ ಮುಂದೆ ನಿಲ್ಲಬೇಕು. ದುಡಿಮೆಗೆ ಗಂಟೆಯ ಮಿತಿ ಇಲ್ಲದ ಈ ಬದುಕಿನ ವಿರುದ್ಧ ದೇಶದ ಲೋಕೋ ರನ್ನಿಂಗ್ ನೌಕರರು 1973ರಲ್ಲಿ ಮುಷ್ಕರ ಹೂಡಿ ಹತ್ತು ಗಂಟೆಯ ಕೆಲಸದ ಒಪ್ಪಂದ ಪಡೆದರು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರ ಮುಂದಾಳತ್ವದಲ್ಲಿ ಮರುವರ್ಷ ಮೇ ತಿಂಗಳಲ್ಲಿ ಇಡೀ ರೈಲು ಇಲಾಖೆಯ ಮುಷ್ಕರ ನಡೆಯಿತು. ಷೆಡ್ಡಿನ ಬೂದಿಗುಂಡಿಯ ಸಿಟ್ಟು ಆ ದಿನಗಳಲ್ಲಿ ದೇಶಕ್ಕೆಲ್ಲ ಕೇಳಿಸಿತು. ಆ ಮುಷ್ಕರವನ್ನು ಹತ್ತಿಕ್ಕಿದ ರೀತಿ ಕ್ರೂರವಾಗಿತ್ತು ಎಂದು ಬರೆಯಲು ನನಗೆ ಹಿಂಜರಿಕೆಯಿಲ್ಲ.

ಷೆಡ್ಡಿನ ಕೈಮೀರಿದ ಕೆಲಸಕ್ಕೆ ವರ್ಕ್‌ಷಾಪು. ಸದರ್ನ್ ಮರಾಠಾ ಕಂಪನಿ 1885ರಲ್ಲಿ ಹುಬ್ಬಳ್ಳಿಯಲ್ಲಿ ದೊಡ್ಡ ವರ್ಕ್‌ಷಾಪು ಕಟ್ಟಿತ್ತು. ಸಂಸ್ಥಾನ ಆಡಳಿತವನ್ನು ಕೈಗೆ ತೆಗೆದುಕೊಂಡ ಐದು ವರ್ಷಕ್ಕೆ, 1924ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರಿನ ಅಶೋಕಪುರಂನಲ್ಲಿ ಮೀಟರ್ ಗೇಜಿನ ಇಂಜಿನ್, ಬೋಗಿ, ವ್ಯಾಗನ್ನುಗಳಿಗೆಂದು ಸ್ವಂತ ವರ್ಕ್‌ಷಾಪು ಶುರುವಾಯಿತು. ಷೆಡ್ಡು ದಿನದಿನದ ಆರೈಕೆಗೆ, ವರ್ಕ್‌ಷಾಪು ವರ್ಷಗಳಿಗೊಮ್ಮೆಯ ಪೂರ್ಣ ಚಿಕಿತ್ಸೆಗೆ. ಅಲ್ಲಿ ಇಂಜಿನ್ನನ್ನು ಚೌಕಟ್ಟಿನವರೆಗೂ ಬಿಚ್ಚುತ್ತಿದ್ದರು. ಚಕ್ರದ ಟೈರು ಕಡೆದು ಆಕಾರಕ್ಕೆ ತರುವುದು, ಸಿಲಿಂಡರ್ ಕೊರೆಯುವುದು, ನಳಿಗೆ ಬದಲಿಸುವುದು. ಬಾಯ್ಲರ್ ರಿಪೇರಿಗೆ ಹೆಚ್ಚು ದಿನ ಹಿಡಿಯುತ್ತದೆಂದು ಸಿದ್ಧವಾಗಿದ್ದ ಇನ್ನೊಂದು ಬಾಯ್ಲರನ್ನು ಕೂರಿಸಿ ಇಂಜಿನ್ನನ್ನು ಹೊರಗೆ ಕಳಿಸುವುದು ವರ್ಕ್‌ಷಾಪುಗಳ ವಾಡಿಕೆ. ಹಾಗಾಗಿ ಒಂದು ನಂಬರಿನ ಇಂಜಿನ್ನು ತನ್ನ ಆಯುಷ್ಯದಲ್ಲಿ ಎರಡು ಮೂರು ಬಾಯ್ಲರುಗಳನ್ನು ಹೊತ್ತಿರುತ್ತಿತ್ತು. ಬಾಯ್ಲರಿಗೂ ಬೇರೆ ನಂಬರು, ಬೇರೆ ಜಾತಕ.

ಇಂಜಿನ್ನುಗಳ ಬಗ್ಗೆ ಚುಟುಕಾಗಿ. ಮೊದಲ ದಶಕಗಳಲ್ಲಿ ದೇಶದ ಮೀಟರ್ ಗೇಜನ್ನು ಆಳಿದ್ದು ಎಫ್ ವರ್ಗದ ಪುಟ್ಟ ಇಂಜಿನ್. ಆ ವರ್ಗದ 734ನೆಯ ನಂಬರಿನದು 1895ರಲ್ಲಿ ಅಜ್ಮೀರದಲ್ಲಿ ತಯಾರಾಗಿ, ಪೂರ್ಣವಾಗಿ ಭಾರತದಲ್ಲೇ ಕಟ್ಟಿದ ಮೊದಲ ಇಂಜಿನ್ ಎನ್ನಿಸಿಕೊಂಡಿತು. ಸ್ವಾತಂತ್ರ್ಯದ ನಂತರ ಬಂದದ್ದು ವೈ.ಪಿ. ಮತ್ತು ವೈ.ಜಿ. ಪ್ರಯಾಣಿಕರ ಗಾಡಿಗೆ ವೈ.ಪಿ.: ಎಳೆಯುವ ಚಕ್ರ ಆರು, ಅಡ್ಡಳತೆ 1372 ಮಿ.ಮೀ. ಸರಕಿಗೆ ವೈ.ಜಿ.: ಎಳೆಯುವ ಚಕ್ರ ಎಂಟು, ಅಡ್ಡಳತೆ 1219 ಮಿ.ಮೀ. ದೊಡ್ಡ ಚಕ್ರ ವೇಗಕ್ಕೆ, ಸಣ್ಣ ಚಕ್ರ ಎಳೆತಕ್ಕೆ. ಎರಡಕ್ಕೂ ಬಾಯ್ಲರಿನ ಒತ್ತಡ ಚದರ ಇಂಚಿಗೆ 210 ಪೌಂಡು. ಆ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 200 ಡಿಗ್ರಿಯಲ್ಲಿ. ಜಮಶೇಡಪುರದ ಟೆಲ್ಕೊ ಕಾರ್ಖಾನೆ ಇವುಗಳನ್ನು ನೂರಾರು ಸಂಖ್ಯೆಯಲ್ಲಿ ಕಟ್ಟಿತು. ದೇಶದ ಕೊನೆಯ ಮೀಟರ್ ಗೇಜ್ ಉಗಿ ಇಂಜಿನ್, ಒಂದು ವೈ.ಜಿ., 1972ರಲ್ಲಿ ಹೊರಬಂತು. ಒಂದೇ ಮಾದರಿ ಎಲ್ಲೆಡೆ ಬಂದದ್ದರಿಂದ ಷೆಡ್ಡಿನ ಫಿಟ್ಟರಿಗೆ ಬಿಡಿಭಾಗ ಹುಡುಕುವ ಕಷ್ಟ ತಪ್ಪಿತು. ಸಂಸ್ಥಾನದ ರೈಲ್ವೆ ಆ ಹೊತ್ತಿಗೆ ಕೇಂದ್ರಕ್ಕೆ ಸೇರಿ, 1951ರ ಏಪ್ರಿಲಿನಲ್ಲಿ ದಕ್ಷಿಣ ರೈಲ್ವೆಯ ಭಾಗವಾಗಿತ್ತು. ಐದು ವರ್ಷದ ನಂತರ, 1956ರ ನವೆಂಬರ್ 1ರಂದು, ಕೊಡಗೂ ಮೈಸೂರು ರಾಜ್ಯದ ಜಿಲ್ಲೆಯಾಯಿತು.

ಉತ್ತರ ಕೊಡಗಿನವರು ಇಷ್ಟು ಹೊತ್ತಿಗೆ ಆಕ್ಷೇಪ ತೆಗೆಯಬಹುದು. ಶನಿವಾರಸಂತೆ, ಸೋಮವಾರಪೇಟೆಯವರಿಗೆ ಹತ್ತಿರದ ರೈಲು ಮೈಸೂರಿನದಲ್ಲ, ಹಾಸನದ್ದು. ನಿಜ. ಅರಸೀಕೆರೆ ಹಾದಿ ತೆರೆದ ಮೇಲೆ ಅವರ ದಾರಿ ಹಾಸನ, ಹೊಳೆನರಸೀಪುರದ ಕಡೆಗೆ ತಿರುಗಿತು. ಆದರೆ ಹಾಸನಕ್ಕೆ ಬರುತ್ತಿದ್ದ ಇಂಜಿನ್ನಿನ ಹಾದಿಯ ಒಂದು ತುದಿ ಮೈಸೂರು, ಇನ್ನೊಂದು ತುದಿ ಅರಸೀಕೆರೆಯೇ. 1979ರಲ್ಲಿ ಹಾಸನ–ಮಂಗಳೂರು ಮೀಟರ್ ಗೇಜ್ ಪೂರ್ಣವಾದಾಗ ಹಳಿ ಕೊಡಗಿನ ಭುಜದವರೆಗೂ ಬಂತು. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳು, 50 ಅಡಿಗೆ ಒಂದಡಿ ಏರು. ಪುಷ್ಪಗಿರಿಯ ಆಚೆ ಬದಿಯ ಕಾಡಿನಲ್ಲಿ ರೈಲು ಹಾದರೂ ಜಿಲ್ಲೆಯ ಒಳಗೆ ಬರಲಿಲ್ಲ. ಆ ಹೊತ್ತಿಗೆ ಡೀಸೆಲ್ಲಿನ ದಿನಗಳು ಬಂದಿದ್ದವು.

ಉಗಿ ನಿಂತ ಕಥೆ ಬೇಗ ಮುಗಿಯುತ್ತದೆ. ಚಳ್ಳಕೆರೆಯ ಜಾಫರ್ ಷರೀಫರು ರೈಲ್ವೆ ಮಂತ್ರಿಯಾಗಿದ್ದಾಗ 1992ರಿಂದ ದೇಶದ ಮೀಟರ್ ಗೇಜ್ ಹಾದಿಗಳನ್ನು ಬ್ರಾಡ್ ಗೇಜಿಗೆ ಬದಲಿಸುವ ಯೋಜನೆ ವೇಗ ಪಡೆಯಿತು. ಬೆಂಗಳೂರು–ಮೈಸೂರು ಹಾದಿ ಆ ದಶಕದ ಆರಂಭದಲ್ಲೇ ಬದಲಾಯಿತು. ಬೆಂಗಳೂರಿನಲ್ಲಿ ಮೂಟೆ ಇಳಿಸಿ ಏರಿಸುವ ಶತಮಾನದ ಕಾಟ ತಪ್ಪಿದ್ದು ಒಳ್ಳೆಯದೇ. ಆದರೆ ಡೀಸೆಲ್ ಇಂಜಿನ್ನಿಗೆ ಪ್ರತಿ 150 ಕಿ.ಮೀ.ಗೆ ಮನೆ ಬೇಡ. ಬೂದಿಗುಂಡಿ ಬೇಡ, ನೀರಿನ ಕಾಲಮ್ ಬೇಡ, ರಾತ್ರಿಯಿಡೀ ಬೆಂಕಿ ಕಾಯುವವನು ಬೇಡ. ಉಗಿಯ ಷೆಡ್ಡುಗಳು ಒಂದೊಂದಾಗಿ ಮುಚ್ಚಿದವು. ಅಶೋಕಪುರಂ ವರ್ಕ್‌ಷಾಪು ಮಾತ್ರ ಬ್ರಾಡ್ ಗೇಜ್ ಬೋಗಿಗಳ ಕೆಲಸಕ್ಕೆ ತಿರುಗಿ ಬದುಕಿತು. 2003ರಿಂದ ಹುಬ್ಬಳ್ಳಿ ಕೇಂದ್ರವಾದ ನೈಋತ್ಯ ರೈಲ್ವೆಯ ಅಡಿಯಲ್ಲಿದೆ, 2024ಕ್ಕೆ ಈ ವರ್ಕ್‌ಷಾಪಿಗೆ ನೂರು ತುಂಬಿತು.

ಮೈಸೂರಿನ ರೈಲು ಮ್ಯೂಸಿಯಂ 1979ರಲ್ಲಿ ತೆರೆದದ್ದು. ದೆಹಲಿಯದರ ನಂತರ ದೇಶದಲ್ಲೇ ಎರಡನೆಯದು. ಕೊಡಗಿನ ಶಾಲೆಗಳು ಪ್ರವಾಸಕ್ಕೆ ಅಲ್ಲಿಗೆ ಹೋಗುತ್ತವೆ. ಮಹಾರಾಣಿಯವರ ಸಲೂನ್ ಬೋಗಿ ನೋಡಿ ಮಕ್ಕಳು ಬೆರಗಾಗುತ್ತಾರೆ, ಇಂಜಿನ್ ಏರಿ ಫೋಟೊ ತೆಗೆಸಿಕೊಳ್ಳುತ್ತಾರೆ. ಜೊತೆಗೆ ಹೋಗುವ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಇಂಜಿನ್ನಿನ ಹೆಸರು, ತಯಾರಾದ ವರ್ಷ ಹೇಳಿ ಮುಗಿಸಬೇಡಿ. ಬೆಂಕಿಮನೆಯ ಬಾಗಿಲು ತೋರಿಸಿ, ಅದರೊಳಗಿನ ಬೂದಿಯನ್ನು ದಿನಾ ಯಾರು ತೆಗೆಯುತ್ತಿದ್ದರು ಎಂದು ಕೇಳಿ. ಸೀಸದ ಪ್ಲಗ್ಗು ಎಲ್ಲಿರುತ್ತದೆ, ಬಾಯ್ಲರಿನ ನೀರು ಇಳಿದರೆ ಅದು ಕರಗಿ ಹೇಗೆ ಎಚ್ಚರಿಕೆ ಕೊಡುತ್ತಿತ್ತು ಎಂದು ವಿವರಿಸಿ.

ಬೆಳಗೊಳದಿಂದ ಕುಶಾಲನಗರಕ್ಕೆ ಸುಮಾರು 87 ಕಿ.ಮೀ. ಹೊಸ ಹಾದಿಗೆ 2019ರಲ್ಲಿ ಮಂಜೂರಾತಿ ಸಿಕ್ಕಿದೆ. ಕುಶಾಲನಗರ ಜಿಲ್ಲೆಯ ಮೂಡಣ ಅಂಚಿನ ಬಯಲು. ಅಲ್ಲಿಯವರೆಗೆ ಬರುವ ರೈಲಿಗೆ ನನ್ನ ಸ್ವಾಗತವಿದೆ, ಅಲ್ಲಿಂದ ಮೇಲೆ ಕಾಡು ಕಡಿದು ಬರುವ ಯಾವ ಹಾದಿಗೂ ಇಲ್ಲ. ಅದು ಬಂದ ದಿನ ಗಾಡಿ ಎಳೆಯುವುದು ವಿದ್ಯುತ್ ಇಂಜಿನ್ನಾಗಿರುತ್ತದೆ, ಅದರ ಷೆಡ್ಡು ನೂರಾರು ಕಿ.ಮೀ. ದೂರದಲ್ಲಿದ್ದರೂ ನಡೆಯುತ್ತದೆ. ಅಷ್ಟರೊಳಗೆ ಮಾಡಬೇಕಾದ ಕೆಲಸವೊಂದಿದೆ. ಮೈಸೂರು, ಅರಸೀಕೆರೆ, ಹುಬ್ಬಳ್ಳಿ, ಬೆಂಗಳೂರಿನ ಷೆಡ್ಡುಗಳಲ್ಲಿ ಕ್ಲೀನರ್, ಫೈರ್‌ಮನ್, ಫಿಟ್ಟರ್, ಖಲಾಸಿ, ಡ್ರೈವರ್ ಆಗಿ ದುಡಿದ ಕೊಡಗಿನವರು ಯಾರಾದರೂ ನಿಮ್ಮ ಮನೆಯಲ್ಲಿ, ಒಕ್ಕದಲ್ಲಿ, ಲೈನ್ ಮನೆಯಲ್ಲಿ ಇದ್ದರೆ ಅವರ ಮಾತನ್ನು ಮೊಬೈಲಿನಲ್ಲಾದರೂ ಹಿಡಿದಿಡಿ. ರಿಪೇರಿ ಪುಸ್ತಕ, ಲಿಂಕ್ ಪಟ್ಟಿ, ಕಾಲ್ ಪುಸ್ತಕದ ಹಾಳೆ, ಸರ್ವಿಸ್ ದಾಖಲೆ, ಷೆಡ್ಡಿನ ಗುಂಪು ಫೋಟೊ ಇದ್ದರೆ ರದ್ದಿಗೆ ಹಾಕುವ ಮೊದಲು ಈ ಸಂಚಿಕೆಯ ಸಮಿತಿಗೆ ತೋರಿಸಿ. ನಕಲು ಮಾಡಿಕೊಂಡು ಮೂಲವನ್ನು ನಿಮಗೇ ಮರಳಿಸಲಾಗುತ್ತದೆ.